ಮ್ಯಾಮತ್ ಬೇಟೆಯ ರೈಫಲ್ಲು

ಅಪ್ಪಾ,

ಇವತ್ತು ನಿಮ್ಮ ರೈಫಲ್ಲನ್ನು ಠಾಣೆಗೆ ಒಪ್ಪಿಸಿದೆವು. ಲೈಸೆನ್ಸೂ ನಿಮ್ಮ ಜೊತೆಗೇ ತೀರಿಹೋಯಿತಂತೆ.

"ನಿಮ್ಮ ಯಜಮಾನ್ರು ಇದ್ರಲ್ಲಿ ಏನೇನು ಹೊಡೆದಿದ್ರಮ್ಮಾ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಅಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು: "ಊಟ ಆದ್ಮೇಲೆ ಕುರ್ಚಿಯಲ್ಲೇ ಕೂತು, ಯಾವತ್ತೋ ಅಳಿದುಹೋದ ಮ್ಯಾಮತ್ ಆನೆ ಬೇಟೆಗೆ ಹೋಗೋರು. ಇವನು ಟಾರ್ಚ್ ಹಿಡಿಯೋನು. ಗುರಿಯಿಟ್ಟು, 'ಪಾಪ, ಇದೇ ಕೊನೇದು ಕಣೋ' ಅಂತ ಬಿಟ್ಬಿಡೋರು. ಜಿರಳೆ ಕಂಡ್ರೆ ಮಂಚವೇ ಬೇಟೆ ಮಚಾನು, ಹತ್ತಿ ಕೂತ್ಬಿಡೋರು."

ಇನ್ಸ್‌ಪೆಕ್ಟರು ನಕ್ಕರು, ನಾನೂ ನಕ್ಕೆ. ಅಮ್ಮ ಅಂಗೈಯಿಂದ ರೈಫಲ್ಲಿನ ಹಿಡಿಯನ್ನು ಒರೆಸುತ್ತಲೇ ಇದ್ದಳು.

ಆಸ್ಪತ್ರೆಯ ಹಾಸಿಗೆಯಿಂದ ನೀವು, "ಮ್ಯಾಮತ್ ಕಾಲದ ಉಣ್ಣೆಮೈಯ ಘೇಂಡಾಮೃಗಕ್ಕೆ ಯಾವ ರೈಫಲ್ಲೋ?" ಎಂದು ಕೇಳಿದಾಗ ನಾನು, "ಸುಮ್ನೆ ಮಲಗಿ ಅಪ್ಪ" ಎಂದಿದ್ದೆ.

ಫೋರ್ ಫಿಫ್ಟಿ ಎಯ್ಟ್ ರೈಫಲ್ಲು ಸಾಕು, ಅಪ್ಪ. ಹೇಗಿದ್ದರೂ ನೀವು ಹೊಡೆಯುವವರಲ್ಲ.