ಕ್ಯಾನ್ಸರ್ ಕೋಶಗಳಿಗೆ ಆಯುಧಪೂಜೆಯ ರಜೆ ಬೇಡ

ಮಾನ್ಯ ಆಡಳಿತಾಧಿಕಾರಿಗಳೇ,

ಹೋದ ವರ್ಷ ಆಯುಧಪೂಜೆಗೆ ತಾವು ತಮ್ಮ ಸಂಶೋಧನಾ ಕೇಂದ್ರದ ಯಂತ್ರಗಳನ್ನೆಲ್ಲ ಬಂದ್ ಮಾಡಿಸಿ, ತೊಳೆಸಿ, ಕುಂಕುಮ ಇಡಿಸಿ, ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯೊಂದಿಗೆ ಮನೆಗೆ ಹೋದಿರಿ. ಹಾಗೆ ಬಂದ್ ಆದವುಗಳಲ್ಲಿ ಒಂದು ಬೆಚ್ಚಗಿನ ಪೆಟ್ಟಿಗೆಯೂ ಇತ್ತು. ಅದರೊಳಗೆ ಜೀವಂತ ಕ್ಯಾನ್ಸರ್ ಕೋಶಗಳ ತಟ್ಟೆಗಳಿದ್ದವು. ತೊಳೆಯಲು ಅಡ್ಡವಾಯಿತೆಂದು ಅವನ್ನು ಯಾರೋ ಕಿಟಕಿಯ ಬಿಸಿಲಿಗೆ ಎತ್ತಿಟ್ಟರು. ಹಬ್ಬ ಮುಗಿದು ಬಾಗಿಲು ತೆರೆಯುವಷ್ಟರಲ್ಲಿ ಕೋಶಗಳೆಲ್ಲ ಶಿವನ ಪಾದ ಸೇರಿದ್ದವು. ಈ ವರ್ಷವೂ ಅದೇ ಸುತ್ತೋಲೆ ಹೊರಟಿದೆಯಂತೆ. ಲಕೋಟೆಯಲ್ಲಿ ಬರೆದರೆ ಅದಕ್ಕೂ ಕುಂಕುಮವಿಟ್ಟು ಬೀರುವಿಗೆ ಸೇರಿಸುತ್ತೀರೆಂಬ ಭಯದಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ವಿಜ್ಞಾನಿಯಲ್ಲ. ಕಾಮಾಕ್ಷಿಪಾಳ್ಯದ ಹಳೆಯ ಒಕ್ಕಲು ಮನೆಯವಳು. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ನೀಲಾಂಬಿಕಾ ಕೊಪ್ಪಳದ ಕಡೆಯವಳು, ತಮ್ಮ ಕೇಂದ್ರದ ಸಂಶೋಧಕಿ. ನಾನು ಸಕ್ಕರೆ ಕಾಯಿಲೆಗೆ ದಿನವೂ ನುಂಗುವ ಮೆಟ್‌ಫಾರ್ಮಿನ್ ಔಷಧವನ್ನೇ ಅವಳು ಗರ್ಭಕಂಠದ ಕ್ಯಾನ್ಸರ್ ಕೋಶಗಳಿಗೆ ಹಾಕಿ ನೋಡುತ್ತಿದ್ದಾಳೆ. ಈ ಕ್ಯಾನ್ಸರ್ ಒಂದು ವೈರಸ್‌ನಿಂದ ಬರುವಂಥದ್ದು. ಅದು ಕೋಶದೊಳಗೆ ಹೊಕ್ಕು, "ಸಾಕು, ನಿಲ್ಲು" ಎನ್ನುವ ಕಾವಲುಗಾರರ ಬಾಯಿ ಕಟ್ಟಿಬಿಡುತ್ತದೆ. ಆಮೇಲೆ ಕೋಶ ಲಂಗುಲಗಾಮಿಲ್ಲದೆ ಹೆಚ್ಚುತ್ತ ಹೋಗುತ್ತದೆ. ಈ ಔಷಧ ತಗುಲಿದರೆ ಅಂಥ ಕೋಶಕ್ಕೂ ಶಕ್ತಿ ಸಾಲದೆ, ಹೆಚ್ಚುವ ವೇಗ ತಗ್ಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಎರಡು ಸಲ ಪ್ರಯೋಗ ಮಾಡಿದಾಗ ತಗ್ಗಿತ್ತು. ಮೂರನೆಯ ಸಲ ತಾವು ಪೂಜೆ ಮಾಡಿದಿರಿ.

ಈ ಮುದುಕಿಗೆ ಯಾಕೆ ಈ ಉಸಾಬರಿ ಎಂದು ಕೇಳಬಹುದು. ಏಳು ವರ್ಷದ ಹಿಂದೆ ನನಗೂ ಬಂದದ್ದು ಅದೇ ಕ್ಯಾನ್ಸರ್. ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟು ವಾಸಿ ಮಾಡಿದರು. ಆದ್ದರಿಂದ ನೀಲಾಂಬಿಕಾ ವಿಷಯ ಹೇಳಿದ ದಿನ ನಾನು ಕುಣಿದಾಡಿಬಿಟ್ಟೆ. "ಹಂಗಾದ್ರೆ ನಾನು ಬಚಾವ್ ಅನ್ನು! ದಿನಾ ನುಂಗ್ತಾ ಇದೀನಲ್ಲೇ!" ಎಂದೆ.

ಅವಳು ನಗಲಿಲ್ಲ. "ಹಂಗ ಅನಬ್ಯಾಡ್ರಿ ಆಂಟಿ. ತಟ್ಟ್ಯಾಗ ಆಗಿದ್ದು ಮೈಯಾಗೂ ಆಗ್ತದಂತ ಹೇಳಾಕ ಬರಂಗಿಲ್ಲ. ತಟ್ಟ್ಯಾಗ ನಾವು ಹಾಕೂ ಔಷಧ ನಿಮ್ಮ ರಕ್ತದಾಗ ಇರೂದಕ್ಕಿಂತ ಭಾಳ ಜಾಸ್ತಿ. ನೀವು ಚೆಕಪ್ ಮಾತ್ರ ತಪ್ಪಿಸಬ್ಯಾಡ್ರಿ" ಎಂದಳು. ಬಾಡಿಗೆ ಮನೆಯ ಒಡತಿಯನ್ನು ಖುಷಿಪಡಿಸಲಿಕ್ಕೂ ಒಂದು ಸುಳ್ಳು ಹೇಳದ ಹುಡುಗಿ. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆವತ್ತೇ.

ಕೋಶಗಳು ಸತ್ತ ದಿನ ಅವಳು ಅಳುತ್ತ ಮನೆಗೆ ಬಂದಳು. ನಾನೇ ಅವಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದಿದ್ದೆ, ನೆನಪಿದೆಯೇ? ಸಕ್ಕರೆ ಕಾಯಿಲೆಯ ನನ್ನ ಕೈಗೆ ಕಡ್ಲೆಪುರಿಯ ಜೊತೆ ಬತ್ತಾಸನ್ನೂ ಸುರಿದು ತಾವು ಹೇಳಿದಿರಿ: "ತಗೊಳ್ಳಿ ಅಮ್ಮಾ. ಕ್ಯಾನ್ಸರ್ ತಾನೇ ಸತ್ತಿರೋದು? ನಿಮ್ಗೆ ಬೇಕಾಗಿದ್ದೂ ಅದೇ ಅಲ್ವಾ?"

ಸ್ವಾಮಿ, ಔಷಧ ಹಾಕಿದ ತಟ್ಟೆಯೂ ಸತ್ತಿತು, ಹಾಕದ ತಟ್ಟೆಯೂ ಸತ್ತಿತು. ಕೊಂದವರು ಯಾರು? ಔಷಧವೋ, ಬಿಸಿಲೋ, ತಮ್ಮ ಭಕ್ತಿಯೋ? ಭಕ್ತಿಯೇ ಆಗಿದ್ದರೆ ಆಸ್ಪತ್ರೆಗಳನ್ನೆಲ್ಲ ಮುಚ್ಚಿ ಬೀದಿಗೊಂದು ಬೂದುಗುಂಬಳಕಾಯಿ ಒಡೆಸಬಹುದಲ್ಲ! ಎರಡು ಪಾತ್ರೆಯಲ್ಲಿ ಬೇಳೆ ಇಟ್ಟು, ಒಂದಕ್ಕೆ ಮಾತ್ರ ಸೋಡಾ ಹಾಕಿ, ಯಾವುದು ಬೇಗ ಬೇಯುತ್ತದೆಂದು ನೋಡುವ ಹೊತ್ತಿಗೆ ಯಾರೋ ಬಂದು ಒಲೆಯನ್ನೇ ಆರಿಸಿದರೆ ಏನು ತಿಳಿದೀತು?

ನಾನು ದೇವರಿಲ್ಲ ಎನ್ನುವವಳಲ್ಲ. ನಮ್ಮ ಮನೆಯಲ್ಲಿ ಇಳಿಗೆಮಣೆಯಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲಕ್ಕೂ ಪೂಜೆಯಾಗುತ್ತದೆ. ಹಾಗೆಂದು ಹಾಲು ಮೊಸರನ್ನು ಬಿಸಿಲಿಗಿಟ್ಟು ಫ್ರಿಜ್ಜಿಗೆ ರಜೆ ಕೊಡುತ್ತೇವೆಯೇ? ವಿಜಯನಗರದ ಸಿಟಿ ಬಸ್ಸು ಆವತ್ತು ಬಾಳೆಕಂದು ಕಟ್ಟಿಕೊಂಡೇ ಓಡುವುದಿಲ್ಲವೇ? ಮಾಗಡಿ ರಸ್ತೆಯ ಪಕ್ಕ ವರ್ಕ್‌ಶಾಪ್ ಇಟ್ಟಿರುವ ನಮ್ಮ ಯಜಮಾನರು ಮುನಿವೆಂಕಟಪ್ಪನವರು ಈ ಕಥೆ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಪೂಜೆ ಮೆಷಿನ್‌ಗೆ ಕಣೇ, ಸ್ವಿಚ್‌ಗಲ್ಲ" ಎಂದರು.

ಸತ್ತ ಕೋಶಗಳ ಬದಲಿಗೆ ಹೊಸವು ಬರಲು, ಅಂದರೆ ಅವಳ ಅರ್ಜಿ ತಮ್ಮ ಮೇಜು ದಾಟಲು, ಹತ್ತಿರಹತ್ತಿರ ಒಂದು ವರ್ಷ ಹಿಡಿಯಿತು. ಈಗ ಅವು ಪೆಟ್ಟಿಗೆಯಲ್ಲಿ ಬೆಳೆಯುತ್ತಿವೆ. ನೀಲಾಂಬಿಕಾಳ ಸಂಶೋಧನಾ ವೇತನ ಡಿಸೆಂಬರಿಗೆ ಮುಗಿಯುತ್ತದೆ. ಈ ಸಲವೂ ಕೆಟ್ಟರೆ ಅವಳು ಪ್ರಬಂಧವಿಲ್ಲದೆ ಊರಿಗೆ ಹೋಗಬೇಕು. ಔಷಧ ಏನೂ ಮಾಡುವುದಿಲ್ಲವೆಂದು ತಿಳಿದರೂ ನನಗೆ ಬೇಸರವಿಲ್ಲ, ತಿಳಿಯಿತಲ್ಲ ಎಂಬ ಸಮಾಧಾನವಾದರೂ ಸಿಗುತ್ತದೆ.

ಆದ್ದರಿಂದ ಸುತ್ತೋಲೆಯನ್ನು ತಿದ್ದಿ. ಪೆಟ್ಟಿಗೆಗೆ ಹೊರಗಿನಿಂದ ಬೇಕಾದಷ್ಟು ಹೂವು ಏರಿಸಿ. ಬಾಗಿಲು ತೆಗೆಯಬೇಡಿ, ಸ್ವಿಚ್ ಮುಟ್ಟಬೇಡಿ. ಹಬ್ಬದ ಎರಡೂ ದಿನ ಬೀಗದ ಕೈ ನೀಲಾಂಬಿಕಾಳ ಬಳಿ ಇರಲಿ. ಇಂಥವೇ ಕೋಶಗಳು ನನ್ನ ಮೈಯಲ್ಲಿದ್ದಾಗ ಒಂದೂ ಉಳಿಯದೆ ಸಾಯಲಿ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತವಳು ನಾನು. ಇಂದು ಹಬ್ಬ ಕಳೆಯುವವರೆಗಾದರೂ ಬದುಕಿರಲಿ ಎಂದು ತಮ್ಮನ್ನು ಬೇಡುತ್ತಿದ್ದೇನೆ.

ಇಂತಿ,
ಕ್ಯಾನ್ಸರಿನ ಪರವಾಗಿ ಅರ್ಜಿ ಹಾಕುವ ಗತಿ ಬಂದ
ಅಕ್ಕಯ್ಯಮ್ಮ
ಕಾಮಾಕ್ಷಿಪಾಳ್ಯ, ಸೆಪ್ಟೆಂಬರ್ 2008