ಚೆನ್ನೆ ಎಂಬವಳ ಹದಿನಾಲ್ಕು ಕೋಣೆಯ ಮನೆ

ಕಡಲೇರಿನ ೨೧೨ನೆಯ ವರ್ಷ, ಫೆಬ್ರವರಿ ೩೧
ಕಾಪು ದೀಪಸ್ತಂಭದ ಕಟ್ಟು

ಒಣ ನೆಲದ ಮೇಲೆ ನಡೆದಾಡುವ ಹಿರಿಯರಿಗೆ ವಾರಿಜ ಬರೆಯುವುದು.

ತಾರೀಕು ನೋಡಿ ಗಾಬರಿಯಾಗಬೇಡಿ. ಕಡಲು ಏರಿ ನೆಲ ನುಂಗಿದ ವರ್ಷದಿಂದ ನಮ್ಮ ಲೆಕ್ಕ ಶುರು. ನಿಮ್ಮ ಫೆಬ್ರವರಿ ಮೋಟಾಗಿತ್ತಂತೆ. ಉಬ್ಬರ ಇಳಿತಕ್ಕೆ ಹೊಂದಿಸುವುದಕ್ಕಾಗಿ ನಮ್ಮವರು ಅದಕ್ಕೆ ಇನ್ನಷ್ಟು ದಿನ ಹೊಲಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಮೂರನೆಯ ಪಾಠದಲ್ಲಿರುವಾಗ ನಮ್ಮ ಶಾಲೆಯ ದೋಣಿ ಒಡೆಯಿತು, ಮತ್ತೊಂದು ಬರಲಿಲ್ಲ. ಇನ್ನೊಂದು ತೊಂದರೆಯೂ ಉಂಟು. ನಮ್ಮ ಕಾಲದಲ್ಲಿ 'ಣ' ಎಂಬ ಅಕ್ಷರವೇ ಇಲ್ಲ. ಕಣ್ಣು, ಬೆಣ್ಣೆ, ಹಣ್ಣು ಎಲ್ಲವನ್ನೂ ನಾವು 'ನ' ಹಾಕಿಯೇ ಹೇಳುತ್ತೇವೆ, ಹಾಗೆಯೇ ಬರೆಯುತ್ತೇವೆ. ಇದನ್ನು ನಿಮಗೆ ಕಳಿಸುವವರು ಬೇಕಾದಲ್ಲಿ ಆ ಅಕ್ಷರ ಸೇರಿಸಿ ಕೊಡುತ್ತಾರಂತೆ. ಸರಿಯಾಗಿ ಸೇರಿಸುತ್ತಾರೋ ಇಲ್ಲವೋ ಎಂಬುದೇ ಈಗ ನನ್ನ ತಲೆಬಿಸಿ, ಯಾಕೆಂದರೆ ಈ ಕಾಗದದ ಇಡೀ ಸಂಗತಿ ಆ ಅಕ್ಷರದ ಮೇಲೆಯೇ ನಿಂತಿದೆ.

ನಿಮ್ಮ ಕಾಲದ ವಸ್ತುಗಳನ್ನು ನಾವು ನೋಡುವುದು 'ನೋಟದೋಣಿ'ಗಳಲ್ಲಿ. ನೀವು ವಸ್ತುಸಂಗ್ರಹಾಲಯ ಎನ್ನುತ್ತಿದ್ದಿರಲ್ಲ, ಅದೇ. ಆದರೆ ನಮ್ಮದು ತೇಲುತ್ತದೆ. ದೀಪಸ್ತಂಭದ ಸುತ್ತ ಹಗ್ಗ ಬಿಗಿದು ಅಂಥ ಮೂರು ದೋಣಿಗಳನ್ನು ನಿಲ್ಲಿಸಿದ್ದಾರೆ. ನೀರು ಶಾಂತವಾಗಿದ್ದ ವಾರ ನಾನು ಹೋಗುತ್ತೇನೆ. ಹತ್ತುವ ಮೊದಲು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತೇನೆ. ಎಲ್ಲರೂ ಒಂದೇ ಬದಿಗೆ ಹೋಗಿ ನಿಂತರೆ ದೋಣಿ ಮಗುಚೀತೆಂದು ಜನ ಕಡಿಮೆ ಇರುವ ಬದಿಗೇ ಹೋಗಿ ನಿಲ್ಲುತ್ತೇನೆ, ಹಾಗಾಗಿ ಒಳ್ಳೊಳ್ಳೆಯ ವಸ್ತುಗಳನ್ನು ನೋಡುವುದು ಯಾವಾಗಲೂ ಕೊನೆಗೆ. ಚಿತ್ರಗಳ ದೋಣಿಯಲ್ಲಿ ಒಂದು ಪಟ ಉಂಟು: ಅಗಲಕ್ಕೆ ಮರಳು, ಅದರ ಮೇಲೆ ಕುಳಿತು ಏನೋ ಕುರುಕುತ್ತಿರುವ ಜನ, ಅವರೆಲ್ಲರ ಬೆನ್ನು ಸಮುದ್ರಕ್ಕೆ. ಕಡಲಿಗೆ ಬೆನ್ನು ಹಾಕಿ ಕೂರಲು ನಿಮಗೆ ಧೈರ್ಯ ಎಲ್ಲಿಂದ ಬಂತು? ನಾನು ಆ ಪಟದ ಮುಂದೆ ನಿಂತಾಗಲೆಲ್ಲ ಅವರನ್ನು ಕರೆದು ಸ್ವಲ್ಪ ಹಿಂದೆ ನೋಡಿ ಎನ್ನಬೇಕೆನ್ನಿಸುತ್ತದೆ.

ಮಳೆಗಾಲಕ್ಕೆ ಮುಂಚೆ ಪ್ರತಿ ನೋಟದೋಣಿಯಲ್ಲೂ 'ಇಳಿಸುವ ದಿನ' ಬರುತ್ತದೆ. ದೊಡ್ಡ ಅಲೆಗೆ ದೋಣಿ ಹಗುರವಿರಬೇಕು. ಒಂದೇ ಬಗೆಯ ವಸ್ತು ಹೆಚ್ಚಿದ್ದರೆ ಕೆಲವನ್ನು ನೀರಿಗೆ ಬಿಡುತ್ತಾರೆ. ಈ ಸಲ ಇಳಿಸುವವುಗಳಲ್ಲಿ ನನ್ನ ಹಲಗೆಯೂ ಇತ್ತು. ನನ್ನದೇನಲ್ಲ, ನೋಡಿ ನೋಡಿ ನನ್ನದಾದದ್ದು. ಕಪ್ಪು ಮರದ, ದೋಣಿಯಾಕಾರದ ಹಲಗೆ. ಎರಡು ಸಾಲಿನಲ್ಲಿ ಹದಿನಾಲ್ಕು ನುಣುಪಾದ ಗುಳಿಗಳು, ಗುಳಿಗಳಲ್ಲಿ ಕೆಂಪು ಬೀಜಗಳು. ಹಿಂಬದಿಯಲ್ಲಿ ಯಾರೋ ಚೂಪಾದುದರಲ್ಲಿ ಹೆಸರು ಕೆತ್ತಿದ್ದಾರೆ. ಅದನ್ನು 'ಚೆನ್ನೆಮನೆ' ಎಂದು ಓದಿ ದೋಣಿಯವರು ಹೀಗೆ ಬರೆದಿಟ್ಟಿದ್ದರು: ಚೆನ್ನೆ ಎಂಬ ಶ್ರೀಮಂತ ಹೆಂಗಸಿನ ಮನೆಯ ಮಾದರಿ, ಹದಿನಾಲ್ಕು ಕೋಣೆ, ಬೀಜಗಳೇ ಮನೆಮಂದಿ. ಮನೆಯ ಮಾದರಿಗಳು ಆ ದೋಣಿಯಲ್ಲಿ ಬೇಕಾದಷ್ಟಿವೆ. ಬಾಗಿಲು ಕಿಟಕಿ ಇರುವಂಥವು. ಬಾಗಿಲೇ ಇಲ್ಲದ ಚೆನ್ನೆಯ ಮನೆ ಯಾರಿಗೆ ಬೇಕು?

ಅದು ಹೋಗುತ್ತದೆಂದು ತಿಳಿದ ಮೇಲೆ ನನಗೆ ಊಟ ಸೇರಲಿಲ್ಲ. ಕೊನೆಯ ಸಲ ನೋಡಿ ಬರುವ ಎಂದು ಪಕ್ಕದ ತೆಪ್ಪದ ಸೆವ್ರಿನ್ ಬಾಯಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಬಾಯಿಗೆ ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ. ಅವರ ಮನೆಯವರು ಕೊಂಕಣಿ ಬಿಡಲಿಲ್ಲ, ಹಾಗಾಗಿ ಕೆಲವು ಮಾತುಗಳನ್ನು ನಾಲಿಗೆ ಮೇಲಕ್ಕೆ ಮಡಚಿ ಹೇಳುತ್ತಾರೆ. ಮಕ್ಕಳು ಅಣಕಿಸಿ ನಗುತ್ತವೆ. ಹಲಗೆಯ ಮುಂದೆ ನಾನು ಹೋಗಲೊಲ್ಲದೆ ನಿಂತೇ ಇದ್ದೆ. ಬಾಯಿಗೆ ಕಾಲು ನೋಯತೊಡಗಿತು. ದೋಣಿ ನೋಡಿಕೊಳ್ಳುವ ಅಬುಸಾಲಿಯನ್ನು ಕರೆದರು.

"ಕೂತುಕೊಳ್ಳಲಿಕ್ಕೆ ಒಂದು ಮಣೆ ಕೊಡು ಮಾರಾಯ."

"ಮನೆಯಾ? ಎಂತಕ್ಕೆ ಬಾಯಮ್ಮ, ಇಲ್ಲಿಯೇ ಬಿಡಾರ ಮಾಡುದಾ?" ಎಂದ ಅಬುಸಾಲಿ.

"ಮನೆ ಅಲ್ಲ, ಮಣೆ. ಕೂರುವ ಹಲಗೆ. ನಿನ್ನ ನಾಲಿಗೆಗೆ ಬೆನ್ನು ಬಗ್ಗುದಿಲ್ಲವಾ?"

ಸುತ್ತಲಿದ್ದವರು ನಕ್ಕರು. ನನಗೆ ಮಾತ್ರ ಹಿಂಬದಿಯ ಹೆಸರು ನೆನಪಾಯಿತು. ಹಲಗೆಯನ್ನು ಮಗುಚಲು ಅಬುಸಾಲಿಯನ್ನು ಬೇಡಿಕೊಂಡೆ. ಕೆತ್ತಿದ ಹೆಸರಿನಲ್ಲಿ ಕೊನೆಯ ಅಕ್ಷರ ಬೇರೆಯೇ ಥರ ಇತ್ತು. ಹಿರಿಯರು ಚಂದಕ್ಕೆ ಬಾಲ ಎಳೆದ 'ನ' ಎಂದು ಎಲ್ಲರೂ ಹಾಗೆಯೇ ಓದಿಬಿಟ್ಟಿದ್ದರು. ಅದು ಬಾಯಿಯ ನಾಲಿಗೆ ಮಡಚುವ ಅಕ್ಷರ. ಮನೆ ಅಲ್ಲ, ಮಣೆ.

ಹಾಗಾದರೆ ಇದು ಚೆನ್ನೆ ಕೂರುವ ಹಲಗೆ ಎಂದುಕೊಂಡೆವು. ಅಬುಸಾಲಿ ಬೇಡ ಬೇಡ ಎನ್ನುತ್ತಿದ್ದಂತೆ ಬಾಯಿ ಅದರ ಮೇಲೆ ಕೂತೇ ಬಿಟ್ಟರು, ಕೂತಷ್ಟೇ ಬೇಗ ಎದ್ದರು. ಇದರಲ್ಲಿ ಕೂತು ಚೆನ್ನೆ ಚೆನ್ನಾಗಿ ಉಳಿದಿರಲಾರಳು ಎಂದರು. ಆಮೇಲೆ ಕೆಳಗೆ ಕಾಲು ಚಾಚಿ, ಹಲಗೆಯ ಅಂಚಿನ ಮೇಲೆ ಕೈಯಾಡಿಸಿದರು. ಉದ್ದದ ಎರಡೂ ಬದಿ ಸವೆದಿತ್ತು. ಎದುರು ಕೂರು ಎಂದು ನನಗೆ ಹೇಳಿದರು. ನಾನು ಕೂತೆ. ಕೈ ಸುಮ್ಮನಿರಲಿಲ್ಲ, ಒಂದು ಗುಳಿಯ ಬೀಜ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಟ್ಟೆ. ಬಾಯಿ ತಮ್ಮ ಬದಿಯದನ್ನು ತೆಗೆದು ಬಿಟ್ಟರು. ನಾನು ಬಿಟ್ಟೆ. ನನ್ನ ಗುಳಿಗೆ ಕೈ ಹಾಕಿದರೆಂದು ಜಗಳವಾಡಿದೆ. ಅವರು ನನ್ನನ್ನು ಕಳ್ಳಿ ಎಂದರು. ಮರಳುವ ದೋಣಿ ಹೊರಟುಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಹಿರಿಯರೇ, ನಾನು ದೋಣಿ ತಪ್ಪಿಸಿಕೊಂಡವಳಲ್ಲ. ಅರ್ಧ ದಿನ ಮೊದಲೇ ಬಂದು ಕಾಯುವವಳು. ಅಷ್ಟು ಹೊತ್ತು ಒಂದು ಗಂಟನ್ನೂ ನಾನು ನೋಡಿರಲಿಲ್ಲ.

ಇದು ಎಂಥ ವಸ್ತು, ಹೇಗೆ ಬಳಸುವುದು ಎಂದು ಅಬುಸಾಲಿ ಕೇಳಿದ. ಗೊತ್ತಿಲ್ಲ ಎಂದೆವು. ಗೊತ್ತಿಲ್ಲದ್ದನ್ನು ಬರೆದಿಡಲಾಗದು, ಬರೆಯದೆ ಉಳಿಸಲಾಗದು ಎಂದು ಅವನು ತಲೆ ಕೆರೆದುಕೊಂಡ. ಪಾಪದವನು; ಸ್ವಲ್ಪ ಯೋಚಿಸಿ ದಾರಿಯೊಂದನ್ನು ಹೇಳಿದ. ಹಿರಿಯರಿಗೆ ಪ್ರಶ್ನೆ ಕಳಿಸಿ ಉತ್ತರ ಬರಲು ಬಾಕಿ ಇರುವ ವಸ್ತುವನ್ನು ಇಳಿಸುವಂತಿಲ್ಲವಂತೆ. ಅದಕ್ಕೇ ಈ ಕಾಗದ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಹಲಗೆ ಇನ್ನೂ ದೋಣಿಯಲ್ಲಿದೆ.

ಈಗ ನನ್ನ ಸಂಕಟ ಕೇಳಿ. ತಿಳಿಯುವ ಆಸೆ ನನಗೆ ಬೇಕಾದಷ್ಟಿದೆ. ಎಷ್ಟು ಬೀಜದಿಂದ ಶುರು? ಎದುರಿನವರ ಗುಳಿಗೆ ಕೈ ಹಾಕಬಹುದೇ? ಮುಗಿಯಿತೆಂದು ಗೊತ್ತಾಗುವುದು ಹೇಗೆ? ಚೆನ್ನೆ ಎಂದರೆ ಯಾರು, ಗೆದ್ದವಳೇ, ಸೋತವಳೇ? ಆದರೆ ನೀವು ಉತ್ತರ ಬರೆದ ದಿನ ಪ್ರಶ್ನೆ ತೀರಿತು. ಆಮೇಲೆ ಹಲಗೆಯನ್ನು ಉಳಿಸುವ ನೆಪ ನನ್ನಲ್ಲಿಲ್ಲ.

ಆದ್ದರಿಂದ ನನಗೆ ಬರೆಯಬೇಡಿ. ನಿಮಗೆ ಗೊತ್ತಿದ್ದರೆ, ಇದನ್ನು ಓದಿ ಮುಗಿಸಿದ ಮೇಲೆ, ಮನೆಯಲ್ಲಿ ಯಾರಿದ್ದಾರೋ ಅವರನ್ನು ಎದುರು ಕೂರಿಸಿ ಕೈಯಲ್ಲಿ ಬೀಜ ಕೊಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರು ಇರುವಾಗಲೇ ಕೇಳಿಕೊಳ್ಳಿ. ಅವರು ತಮ್ಮ ಮುಂದಿನವರಿಗೆ ಕಲಿಸಲಿ. ಹಾಗೆ ಕೈಯಿಂದ ಕೈಗೆ ದಾಟುತ್ತ ಅದು ನಮ್ಮವರೆಗೆ ಬಂದರೆ ಸಾಕು. ಮನೆಮನೆಯಲ್ಲೂ ಆಡುವ ವಸ್ತುವನ್ನು ಯಾರೂ ನೋಟದೋಣಿಯಲ್ಲಿ ಇಡುವುದಿಲ್ಲ, ನೀರಿಗೂ ಬಿಡುವುದಿಲ್ಲ.

ಅಬುಸಾಲಿ ಬೀಜಗಳನ್ನು ನಾವು ಬಿಟ್ಟ ಹಾಗೆಯೇ ಇಟ್ಟಿದ್ದಾನೆ. ಮುಂದಿನ ಶಾಂತ ನೀರಿಗೆ ಮತ್ತೆ ಹೋಗುವವರಿದ್ದೇವೆ. ಸರದಿ ಯಾರದೆಂದು ಮಾತ್ರ ಬಾಯಿಗೂ ನನಗೂ ಇನ್ನೂ ಇತ್ಯರ್ಥವಾಗಿಲ್ಲ.

ನಿಮ್ಮ ಬೆನ್ನ ಹಿಂದಿನ ಕಡಲಿನಿಂದ,
ವಾರಿಜ