ಅಳಿಯ ಬಿಗಿದ ಬೋಲ್ಟು

ಮಂಗಳವಾರ, ಬೆಳಗ್ಗೆ

ಪ್ರೀತಿಯ ಪುಟ್ಟಿಗೆ,

ನೀನೂ ಚಿನ್ನುವೂ ಅಣ್ಣನ ಮನೆಯಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಆದರೆ ಸುಳ್ಳಿನಿಂದ ಶುರು ಮಾಡಲು ಪೆನ್ನು ಒಪ್ಪುತ್ತಿಲ್ಲ. ಹೋದ ವಾರವೇ ಬರೆಯಬೇಕಿತ್ತು. ಬರೆಯುವುದು, ಹರಿದು ಹಾಕುವುದು, ಇದೇ ಆಯಿತು. ಬೇಸರ ಮಾಡಿಕೊಳ್ಳಬೇಡ. ಮಗುವಿನ ಹಣೆಯ ಗಾಯ ಒಣಗಿತೇ? ಕೆರೆದುಕೊಳ್ಳಲು ಬಿಡಬೇಡ.

ನಿನ್ನ ಗಂಡ ನಿನ್ನೆ ಗ್ಯಾರೇಜಿನ ಬೋರ್ಡು ಇಳಿಸಿದರು. ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾರಂತೆ. ತನ್ನ ಕೈ ತಾಗಿದ ಗಾಡಿಗೆ ಸ್ವಂತ ಮಗುವನ್ನೇ ಹತ್ತಿಸುವುದಿಲ್ಲ ಎಂದು ಹೆಂಡತಿ ಹೇಳಿದ ಮೇಲೆ, ಊರವರ ಗಾಡಿಯನ್ನು ಯಾವ ಮುಖ ಇಟ್ಟುಕೊಂಡು ಮುಟ್ಟಲಿ ಎಂದು ನನ್ನನ್ನೇ ಕೇಳಿದರು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು, ಅರ್ಧಕ್ಕೇ ಮಡಚಿಡಬೇಡ.

ಅಪಘಾತದ ಹಿಂದಿನ ದಿನ ಅಳಿಯಂದಿರು ನಮ್ಮ ಕಾರಿನ ಆಯಿಲ್ ಬದಲಾಯಿಸಿ, ತಂದು ನಿಲ್ಲಿಸಿ ಹೋದರು. ಅವರು ಗೇಟು ದಾಟಿದರೋ ಇಲ್ಲವೋ, ನಿಮ್ಮಪ್ಪ ಹಳೇ ಚಾಪೆ ಹಾಸಿಕೊಂಡು ಕಾರಿನ ಕೆಳಗೆ ತೂರಿದರು. ಅವರ ಸ್ವಭಾವ ನಿನಗೆ ಗೊತ್ತಲ್ಲ. ನೌಕರಿಯುದ್ದಕ್ಕೂ ನೀರು ಸರಬರಾಜಿನ ದಪ್ಪ ಪೈಪುಗಳ ಜೊತೆ ಗುದ್ದಾಡಿದವರು. ಜಾಯಿಂಟು ತೊಟ್ಟಿಕ್ಕಿದರೆ ಇನ್ನೊಂದು ಬಿಗಿ, ಆಗಲೂ ನಿಲ್ಲದಿದ್ದರೆ ಮತ್ತೊಂದು. ಅವರ ಪಾಲಿಗೆ ಕಾರಿನ ಎಂಜಿನ್ನೂ ಒಂದು ನಲ್ಲಿ. ಹಳೇ ಆಯಿಲ್ ಇಳಿಸುವ ತಳದ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಅದರ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದರು. ಒಳಗೇನೋ ‘ಕಟ್’ ಎಂದಿತು. ಈಗ ಕೂತಿತು ನೋಡು ಎಂದು ಎದ್ದುಬಂದರು. ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ, ಎಲ್ಲ ಕಣ್ಣಾರೆ ಕಂಡೆ. ಅಳಿಯ ಮಾಡಿದ ಕೆಲಸಕ್ಕೆ ಮಾವನ ಮೊಹರು ಬೀಳದಿದ್ದರೆ ಇವರಿಗೆ ನಿದ್ದೆ ಬರುವುದಿಲ್ಲ.

ಮರುದಿನ ನಿಮ್ಮಪ್ಪ ಕಾರು ಓಡಿಸುತ್ತ ಮಗುವನ್ನು ಈಜಿಗೆ ಕರೆದೊಯ್ಯುವಾಗ ಸೇತುವೆಯ ಏರಿನಲ್ಲಿ ಸ್ಟೀರಿಂಗಿನ ಮುಂದೆ ಆಯಿಲ್ಲಿನ ಕೆಂಪು ದೀಪ ಹತ್ತಿತು. ನಿಲ್ಲಿಸಿ ಎಂದೆ. ದಾಟಿದ ಮೇಲೆ ನಿಲ್ಲಿಸುತ್ತೇನೆ ಎಂದರು. ದಾಟಲಿಲ್ಲ. ಎಂಜಿನ್ ಕಟಕಟ ಎಂದು ಬಡಿದುಕೊಂಡು ಹಿಡಿದುಬಿಟ್ಟಿತು. ಕಾರು ಗಕ್ಕನೆ ನಿಂತ ರಭಸಕ್ಕೆ ಮಗುವಿನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದಿದ್ದ ಲಾರಿ ನಮ್ಮ ಪಕ್ಕದ ಕನ್ನಡಿ ಕಿತ್ತುಕೊಂಡು ಹೋಯಿತು. ಒಂದು ಗೇಣು ಈಚೆ ಬಂದಿದ್ದರೆ ನಾವು ಮೂವರೂ ಇರುತ್ತಿರಲಿಲ್ಲ. ಇಳಿದು ನೋಡಿದರೆ ರಸ್ತೆಯುದ್ದಕ್ಕೂ ಆಯಿಲ್. ಬೋಲ್ಟು ಎಲ್ಲೋ ಉದುರಿಹೋಗಿತ್ತು.

ಕಾರನ್ನು ಎಳೆಸಿಕೊಂಡು ಹೋದ ಮೇಲೆ ಗ್ಯಾರೇಜಿನಲ್ಲಿ, ಗಿರಾಕಿಗಳ ಎದುರೇ, ಬೋಲ್ಟು ಬಿಗಿಯಲು ಬಾರದ ಮೆಕ್ಯಾನಿಕ್ ಎಂದು ನಿಮ್ಮಪ್ಪ ಕೂಗಾಡಿದಾಗ ನೀನೂ ಅಲ್ಲಿದ್ದೆ. ನೀನು ಮಗುವನ್ನೆತ್ತಿಕೊಂಡು ಹೊರಟುಹೋದ ಮೇಲೆ, ಕಂಡದ್ದನ್ನು ನಾನು ಅಳಿಯಂದಿರಿಗೆ ಹೇಳಿದೆ. ಅವರು ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿದರು. ಬೋಲ್ಟಿನ ತೂತಿನಿಂದ ಕಿತ್ತುಬಂದ ಥ್ರೆಡ್ಡಿನ, ಅಂದರೆ ಬೋಲ್ಟು ಹಿಡಿಯುವ ಸುತ್ತುಗೆರೆಯ, ಚೂರುಗಳನ್ನು ತೆಗೆದು ನನ್ನ ಅಂಗೈಗೆ ಹಾಕಿದರು.

“ಇದು ಮೆತ್ತನೆ ಲೋಹ ಅತ್ತೆ. ವಾಷರ್ ಕಚ್ಚಿದ ಮೇಲೆ ಒಂಚೂರು ಬಿಗಿ ಕೊಟ್ಟು ಕೈ ಬಿಡ್ಬೇಕು. ಜಾಸ್ತಿ ಎಳೆದ್ರೆ ಹಿಡಿತಾನೇ ಹೋಗುತ್ತೆ.”

ಹಾಗಾದರೆ ಈಗಲೇ ಬಂದು ನಿಮ್ಮ ಮಾವನಿಗೆ ಹೇಳಿ ಎಂದು ಪಟ್ಟು ಹಿಡಿದೆ. ಅವರು ಕೈಯ ಜಿಡ್ಡು ಒರೆಸಿಕೊಂಡರು.

“ಮೊಮ್ಮಗೂನ ನೀವೇ ಕೊಲ್ತಿದ್ರಿ ಅಂತ ಈ ವಯಸ್ಸಲ್ಲಿ ಅವರಿಗೆ ಹೇಗೆ ಹೇಳ್ಲಿ? ನನ್ನ ಮೇಲೇ ಇರ್ಲಿ ಬಿಡಿ.”

ಇಂಥವರನ್ನು ನಂಬದೆ ಇನ್ಯಾರನ್ನು ನಂಬುತ್ತೀಯೆ? ಬರುವ ಸೋಮವಾರ ಅವರು ಟೈರ್ ಅಂಗಡಿಯವರಿಗೆ ಮಾತು ಕೊಡುತ್ತಾರೆ. ಅಷ್ಟರೊಳಗೆ ಬಾ. ಕ್ಷಮೆ ಗಿಮೆ ಏನೂ ಕೇಳಬೇಡ. ಮಗುವನ್ನು ಅವರ ತೋಳಿಗೆ ಕೊಡು, ಸಾಕು.

ನಿನ್ನ ಸಂಸಾರ ತಣ್ಣಗಿರಲಿ, ಮಗು ನೂರು ಕಾಲ ಬಾಳಲಿ.

ನಿನ್ನ
ಅಮ್ಮ

ತಾ.ಕ.: ಅಮ್ಮ ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದಳು ಎಂದು ನೀನು ಕೇಳಬಹುದು. ನಾನು ಮುಚ್ಚಿಕೊಂಡಿರಲಿಲ್ಲ. ಸೇತುವೆಯ ಮೇಲೇ ನಿಮ್ಮಪ್ಪನಿಗೆ ಹೇಳಿದೆ. “ಗಾಡಿ ವಿಷಯ ನಿನಗೇನು ಗೊತ್ತಾಗುತ್ತೆ, ಸುಮ್ನಿರು” ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಅಭ್ಯಾಸವಾಗಿದೆ. ಅವತ್ತೇ ಸಂಜೆ ನಿನಗೆ ಫೋನು ಮಾಡಿ ಹೇಳಹೊರಟೆ. ನೀನೂ ಅದೇ ಮಾತು ಹೇಳಿ ಫೋನು ಇಟ್ಟೆ ಪುಟ್ಟಿ, ಅದೇ ದನಿಯಲ್ಲಿ.